ಪತಂಗದ ಮೊಟ್ಟೆ, ಸಿಂಗಳೀಕದ ಮರಿ

ಹುತ್ತೂರಿನಲ್ಲಿ ಮುಳಬಾಗಿಲಿನ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಪಕ್ಕದ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಮುನಿಯಮ್ಮ ಕರೆದು ಜಗಲಿಯಲ್ಲಿ ಕೂರಿಸಿದರು. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದಿಗೆ, ಇಳಿಬಿಸಿಲಿಗೆ, ನನಗೆ ಎಚ್ಚರವೋ ಮಂಪರೋ ತಿಳಿಯಲಿಲ್ಲ. ಮಾರದೆ ಉಳಿದ ಗೂಡಿನಿಂದ ಹೊರಬಂದ ಬಿಳಿ ಪತಂಗವೊಂದು ಮೊರದ ಅಂಚಿನಲ್ಲಿ ಮೊಟ್ಟೆಯಿಡುತ್ತಿತ್ತು.

"ನೂರಾರು ಇಡ್ತದಕ್ಕಾ. ಒಂದನ್ನೂ ತಿರುಗಿ ನೋಡಲ್ಲ" ಎಂದರು.

ನಾನು ಘಟ್ಟದ ಕಾಡಿನಲ್ಲಿ ಸಿಂಗಳೀಕಗಳನ್ನು ಗಮನಿಸುವ ಕೆಲಸದವಳು. ಮೊಬೈಲಿನಲ್ಲಿದ್ದ ಒಂದು ಫೋಟೊ ತೋರಿಸಿದೆ. ಕೊಂಬೆಯ ಮೇಲೆ ತಾಯಿ, ಎದೆಗೆ ಅವುಚಿಕೊಂಡ ಮರಿ.

"ಈ ಕೋತಿಗಳು ಈಗ ಅಲ್ಲೊಂದು ಇಲ್ಲೊಂದು ಉಳಿದಿವೆ. ಕೆಲವು ವರ್ಷಕ್ಕೊಮ್ಮೆ ಒಂದೇ ಮರಿ."

ಮುನಿಯಮ್ಮ ಸೆರಗಿಗೆ ಕೈಯೊರೆಸಿಕೊಂಡು ಫೋನು ಇಸಕೊಂಡರು.

"ಎಂಥ ನಿದ್ದೆ ನೋಡು ಇದಕ್ಕೆ. ಎದ್ದಮೇಲೆ ಏನ್ ಮಾಡ್ತು?"

"ಏಳಲಿಲ್ಲಮ್ಮ. ಸತ್ತೋಗಿತ್ತು. ತಾಯಿ ದಿನಗಟ್ಟಲೆ ಹಾಗೇ ಹೊತ್ಕೊಂಡು ತಿರುಗ್ತು."

ಪರದೆಯ ಬೆಳಕು ಆರಿತು. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಿಗೆ ಒತ್ತಿಕೊಂಡೇ ಕೂತರು. ವಾಪಸ್ಸು ಕೇಳಲು ನನಗೆ ಮನಸ್ಸು ಬರಲಿಲ್ಲ.