ಅಕ್ಕಿಯಲ್ಲಿ ಬರೆದ ಹೆಸರು

ನನ್ನ ಮಗ ಶಶಿಧರನ ಹೆಂಡತಿ ಇಂಗ್ರಿಡ್, ಸ್ವೀಡನ್ನಿನಿಂದ ಅಮೆರಿಕಕ್ಕೆ ಬಂದವರ ಮೊಮ್ಮಗಳು. 2003ರಲ್ಲಿ ಅವಳ ಬಾಣಂತನಕ್ಕೆಂದು ಮಂಡ್ಯದಿಂದ ಅಮೆರಿಕದಲ್ಲಿ ಅವರಿದ್ದ ಊರು ಹಾಫ್‌ಮನ್ ಎಸ್ಟೇಟ್ಸಿಗೆ ಹೋದೆ. ನಮ್ಮ ಯಜಮಾನರು ತೀರಿಕೊಂಡು ಆಗ ವರ್ಷವಾಗಿತ್ತು. ಗಂಡು ಮಗುವಾದರೆ ಅವರದೇ ಹೆಸರು, ನಂಜುಂಡ, ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಗಂಡೇ ಆಯಿತು. ಎರಡನೇ ದಿನ ಆಸ್ಪತ್ರೆಯಲ್ಲಿ ಮಗ ಕೇಳಿದ.

“ಅಮ್ಮ, ನಿಂಗ್ಯಾವ್ದಾದ್ರೂ ಹೆಸರು ಮನಸ್ಸಲ್ಲಿದ್ಯಾ?”

“ಹನ್ನೊಂದು ದಿನ ಆಗೋವರ್ಗೂ ಹೆಸರು ಹೇಳ್ಬಾರ್ದು ಕಣೋ. ಪುರುಡು ಕಳೀಲಿ.”

ಅಲ್ಲಿ ಮನೆಗೆ ಕಳಿಸುವ ಮೊದಲೇ ಹೆಸರು ಬರೆಸಿಕೊಳ್ಳುತ್ತಾರೆಂದು ನನಗೆ ಯಾರೂ ತಿಳಿಸಲಿಲ್ಲ. ಮಾರನೇ ದಿನ ಮನೆಗೆ ಬರುವಾಗ ಅವನೇ ಹೇಳಿದ.

“ಫಾರ್ಮ್ ಕೊಟ್ಟಾಯ್ತಮ್ಮ. ಟೋರ್ಸ್ಟನ್ ಅಂತ, ಇಂಗ್ರಿಡ್ ತಾತನ ಹೆಸರು. ಅವಳಮ್ಮ ಡೆಟ್ರಾಯಿಟ್‌ನಿಂದ ಫೋನ್ ಮಾಡಿ ಕೇಳ್ಕೊಂಡ್ರು.”

“ನಿಮ್ಮಪ್ಪನ ಹೆಸರು?”

“ಕೇಳ್ದಾಗ ನೀನೇ ಹೇಳ್ಲಿಲ್ವಲ್ಲ.”

ಹೆತ್ತ ಅಪ್ಪನ ಹೆಸರನ್ನು ಮಗನಿಗೆ ನೆನಪು ಮಾಡಿಕೊಡಬೇಕೆಂದು ನನಗೆ ಗೊತ್ತಿರಲಿಲ್ಲ. ಬೀಗಿತ್ತಿ ಬಾಯಿಬಿಟ್ಟು ಕೇಳಿದರು, ನಾನು ಶಾಸ್ತ್ರ ಹಿಡಿದು ಕೂತೆ.

ಹನ್ನೊಂದನೇ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಹಿಡಿದುಕೊಂಡವಳೂ ನಾನೇ. ಮಗ ಉಂಗುರದಿಂದ ಇಂಗ್ಲಿಷಿನಲ್ಲಿ ಆ ಹೆಸರು ಬರೆದ. ತಟ್ಟೆ ತುಂಬಿತು.

“ಕಿವೀಲಿ ಹೇಳಮ್ಮ” ಎಂದ.

ನನ್ನ ನಾಲಿಗೆ ಹೊರಳಲಿಲ್ಲ. ಮೂರು ಸಲವೂ ತೊದಲಿದೆ, ಬಂದವರು ನಕ್ಕರು.

ಹೆಸರು ಬರೆದ ಅಕ್ಕಿಯನ್ನು ಚೆಲ್ಲುವಂತಿಲ್ಲ. ಮಾರನೇ ದಿನ ಅದನ್ನೇ ಅನ್ನ ಮಾಡಿ ಎಲ್ಲರಿಗೂ ಬಡಿಸಿದೆ. ನಾನು ಹಿಂದಿನ ದಿನ ಉಳಿದಿದ್ದ ಚಪಾತಿ ತಿಂದೆ.