ಮೂರನೆಯ ಚಹಾ

ನನ್ನ ಹಳೆಯ ದಿನಚರಿಯ ಒಂದು ಪುಟದಲ್ಲಿ ಚಹಾದ ಬಸಿ ಇಟ್ಟ ದುಂಡನೆಯ ಕಂದು ಗುರುತು ಇದೆ. ಹೋದ ವಾರ ಗಚ್ಚಿಬೌಲಿಯ ಬಾಡಿಗೆ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವಾಗ ಅದನ್ನು ಮೂಸಿ ನೋಡಿದೆ. ಏಳು ವರ್ಷದ ಹಿಂದಿನ ಚಹಾಕ್ಕೆ ವಾಸನೆ ಎಲ್ಲಿಂದ ಬರಬೇಕು? ಬಂದಂತೆಯೂ ಆಯಿತು, ಬಾರದಂತೆಯೂ ಆಯಿತು.

ನೀವು ನಗಬಹುದು, ನಾನು ಎಲ್ಲವನ್ನೂ ಎಣಿಸುವವನು. ಓದಲೆಂದು ಹಿಮಾಯತ್‌ನಗರದ ಕಾಕಾನ ಮನೆಯಲ್ಲಿದ್ದಾಗ, ಶನಿವಾರ ರಾತ್ರಿ ಊಟವಾದ ಮೇಲೆ ಕಾಕಾ, ನಾನು ಇಬ್ಬರೂ ಸುಲ್ತಾನ್ ಬಜಾರಿನ ಕಡೆಯ ಒಂದು ಇರಾನಿ ಹೋಟೆಲಿಗೆ ಚಹಾಕ್ಕೆಂದು ನಡೆದು ಹೋಗುತ್ತಿದ್ದೆವು. ಹೋದ ಸ್ಥಳ, ಮಂದಿ, ಹಾಕಿದ ಹೆಜ್ಜೆ, ತೆರೆದಿದ್ದ ಅಂಗಡಿ, ಬೊಗಳಿದ ನಾಯಿ, ಹೇಳಿದ ಚಹಾ, ಎಲ್ಲಕ್ಕೂ ದಿನಚರಿಯಲ್ಲಿ ಒಂದೊಂದು ಕಾಲಂ. ಆಡಿದ ಮಾತಿಗೆ ಮಾತ್ರ ಕಾಲಂ ಇರಲಿಲ್ಲ.

ಕಾಕಾ ತೀರಿಹೋಗಿ ಎರಡು ವರ್ಷ. ಮೊನ್ನೆ ಅವನ ಹೆಂಡತಿ ಕಾಕುವನ್ನು ನೋಡಲು ಹೋದೆ. ಮಗಳು ಅಳಿಯನ ಗದ್ದಲದ ನಡುವೆ ಅವಳು ನನ್ನನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು.

"ನನ್ನ ಬಿಟ್ಟು ಅದೇನ ನೋಡಾಕ ಹೋಗ್ತಿದ್ರಿ ಇಬ್ರೂ? ಒಮ್ಮೆರೆ ಬಾ ಅಂದ್ರೇನು ಆ ಮನಷ್ಯಾ? ಆ ಹೋಟ್ಲು ನನಗ ತೋರಸು."

"ದಾರಿ ಹೆಜ್ಜಿ ಲೆಕ್ಕದಾಗ ಬರದಿಟ್ಟೀನಿ ಕಾಕು."

"ಹಂಗಾರ ತಪ್ಪಂಗಿಲ್ಲ ಬಿಡು."

ತಪ್ಪಿತು. ಶನಿವಾರ ರಾತ್ರಿ ಹೊರಟೆವು. ಬೇವಿನ ಮರದ ಬಳಿ ಎಡಕ್ಕೆ ಎಂದು ನನ್ನದೇ ಅಕ್ಷರ ಹೇಳುತ್ತಿತ್ತು. ಮರವೇ ಇಲ್ಲ, ಮೆಟ್ರೋ ಕಂಬವಿದೆ. ಎಂಟು ಅಂಗಡಿ ಎಂದು ಬರೆದಲ್ಲಿ ಮೂವತ್ತರವರೆಗೆ ಎಣಿಸಿ ಬಿಟ್ಟೆ. ಹನ್ನೊಂದು ಗಂಟೆಗೆ ಹುಡುಗಿಯರು ಸ್ಕೂಟರ್ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನು ಕಂಡಿದ್ದ ರಾತ್ರಿ ಗಂಡಸರದ್ದಾಗಿತ್ತು. ಇದು ಯಾರದ್ದೆಂದು ತಿಳಿಯಲಿಲ್ಲ. ಒಂದೇ ಔಷಧದಂಗಡಿಯ ಮುಂದೆ ಎರಡನೇ ಸಲ ಬಂದಾಗ ಕಾಕು ನಿಂತುಬಿಟ್ಟಳು.

"ಈ ಅಂಗಡಿಯವ ನಮಗ ಗುರ್ತ ಹಿಡದ ಸಲಾಂ ಹೊಡಿಯಾಕತ್ತಾನ, ನೋಡು."

ಪಕ್ಕದಲ್ಲಿ ಹೊಳೆಯುವ ದೀಪಗಳ ಒಂದು ಹೋಟೆಲು. ಮೂಲೆಯ ಮನೆ, ಮೂರು ಮೆಟ್ಟಿಲು. ಅದೇ ಇರಬಹುದು. ಇಲ್ಲಿ ಮೊದಲು ಇರಾನಿ ಹೋಟೆಲು ಇತ್ತೇ ಎಂದು ಕೇಳಿದರೆ ಮಾಣಿ ತಾನು ಹೊಸಬನೆಂದು ತಲೆಯಾಡಿಸಿದ. "ನೈ ಮಾಲೂಮ್ ಸಾಬ್, ಮೈ ನಯಾ ಹೂಂ. ಚಾಯ್ ಹೋನಾ?"

ಕೂತೆವು. ಜನ್ಮದಲ್ಲಿ ಹೋಟೆಲಿನ ಚಹಾ ಮುಟ್ಟದ ಕಾಕು, ಕನ್ನಡಕ ಏರಿಸಿ ನನ್ನ ದಿನಚರಿಯ ಮೇಲೆ ಬೆರಳಾಡಿಸಿದಳು.

"ಮಂದಿ ಇಬ್ರು. ಚಹಾ ಮೂರು ಯಾಕೋ?"

"ಮೂರನೇದ್ದು ಕಾಕಾ ಫ್ಲಾಸ್ಕಿನ್ಯಾಗ ಹಾಕಸ್ತಿದ್ರು. ಮುಂಜಾನೆ ತಾವ ಕುಡಿಯಾಕ ಅಂತ ತಿಳ್ಕೊಂಡಿದ್ದೆ."

ಕಾಕು ಕನ್ನಡಕ ತೆಗೆದು ಪುಟದ ಮೇಲಿಟ್ಟಳು.

"ಉಳದದ್ದು ತಂದೀನಿ, ಬೇಕಾದ್ರ ಕುಡಿ ಅಂತಿದ್ರು ನನಗ. ನಿಮ್ಮಿಬ್ರದು ಉಳದದ್ದು ನಾ ಯಾಕ ಕುಡೀಲಿ? ಮೋರ್ಯಾಗ ಚೆಲ್ಲತಿದ್ದೆ." ಆಮೇಲೆ ಕೇಳಿದಳು, "ಎಷ್ಟು ಶನಿವಾರ?"

ಜೀವನದಲ್ಲಿ ಮೊದಲ ಸಲ, ಲೆಕ್ಕ ಇಡದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಮೂವತ್ತೆಂಟು."

"ಎಲ್ಲಾದ್ರಾಗೂ ಮೂರ?"

"ಎಲ್ಲಾದ್ರಾಗೂ."

"ನಿನಗಂತ ತಂದೀನಿ ಅಂದಿದ್ರ ಅವ್ರ ಗಂಟ ಹೋಗ್ತಿತ್ತೇನು!" ಎಂದಳು. ಸಿಟ್ಟೋ, ನಗುವೋ, ಅಳುವೋ ನನಗೆ ತಿಳಿಯಲಿಲ್ಲ. ಮಾಣಿಯ ಕಡೆ ತಿರುಗಿ ಮೂರು ಬೆರಳು ತೋರಿಸಿದಳು.

ಗಚ್ಚಿಬೌಲಿಗೆ ಮರಳಿದಾಗ ಒಂದೂವರೆ ಗಂಟೆ. ಹೊಸ ದಿನಚರಿ ತೆರೆದು ಕೂತೆ. ಹೆಜ್ಜೆಯ ಕಾಲಂ ಖಾಲಿ ಬಿಟ್ಟೆ. ಸ್ಥಳದ ಮುಂದೆ ಪ್ರಶ್ನೆಯ ಗುರುತು ಹಾಕಿದೆ. ಅದೇ ಹೋಟೆಲೋ ಅಲ್ಲವೋ ನನಗಿನ್ನೂ ಗೊತ್ತಿಲ್ಲ. ಮಂದಿ ಇಬ್ಬರು, ಚಹಾ ಮೂರು. ನಂತರ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದು, ಉಳಿದದ್ದು ಎಂಬ ಹೊಸ ಕಾಲಂ ಮಾಡಿದೆ.

ಅದರ ಕೆಳಗೆ ಬರೆದೆ: ಇಲ್ಲ. ಕಾಕು ಎರಡು ಕುಡಿದಳು.