ಅವ್ವನ ಹೆಬ್ಬೆರಳ ಕೆಳಗಿನ ಸಾಲು

ನನ್ನ ಮೊಮ್ಮಗಳು ಈಗ ಚಿತ್ರದ ಕೆಳಗಿನ ಸಾಲನ್ನೂ ಓದುತ್ತಾಳೆ. ಅದೂ ಇಂಗ್ಲಿಷ್! ಮೊನ್ನೆ ಯುದ್ಧದ ಚಿತ್ರಗಳ ದಪ್ಪ ಪುಸ್ತಕವೊಂದನ್ನು ನನ್ನ ತೊಡೆಯ ಮೇಲಿಟ್ಟು, ಒಂದೊಂದಕ್ಕೂ ಬೆರಳಿಟ್ಟು ಓದಿ ಹೇಳಿದಳು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಓಣಿಯವರನ್ನೆಲ್ಲ ಕರೆದು ಕೇಳಿಸಬೇಕೆನಿಸಿತು. ಕರೆದೂ ಬಿಟ್ಟೆ. ಆಮೇಲೆ ಹಿಮದಲ್ಲಿ ಸಾಲಾಗಿ ನಿಂತ ಸಿಪಾಯಿಗಳ ಪುಟ ಬಂತು. ನಾನು ಅವಳ ಬೆರಳನ್ನು ಹಿಡಿದು ನಿಲ್ಲಿಸಿದೆ.

ಚೀನಾದವರ ಜೊತೆ ಯುದ್ಧವಾದಾಗ ನನ್ನ ಅಣ್ಣ ಗಡಿಯಲ್ಲಿದ್ದ, ನಾವು ಅಕ್ಕಿಆಲೂರಿನಲ್ಲಿ. ಅವನ ಸುದ್ದಿಯೇ ಇಲ್ಲ. ಅಪ್ಪ ಹಾನಗಲ್ಲಿನ ಕಚೇರಿಗೆ ಹೋಗಿ ಕೇಳಿದರೆ, "ತಿಳದ ಕೂಡ್ಲೆ ಹೇಳ್ತೇವ್ರಿ" ಎಂದು ಕಳಿಸುತ್ತಿದ್ದರು. ಯುದ್ಧ ನಮ್ಮ ಮನೆಗೆ ಬಂದದ್ದು ಕಿರಾಣಿ ಅಂಗಡಿಯಿಂದ. ಅಂಗಡಿಯವನು ಹುಬ್ಬಳ್ಳಿಯಿಂದ ರದ್ದಿ ಪೇಪರು ತರಿಸಿ ಸಾಮಾನು ಕಟ್ಟುತ್ತಿದ್ದ. ಸಕ್ಕರೆ ಬಿಚ್ಚಿದರೆ ಗಾಯಗೊಂಡ ಸಿಪಾಯಿ, ಪುಟಾಣಿ ಕಡಲೆ ಬಿಚ್ಚಿದರೆ ಯುದ್ಧದ ನಿಧಿಗೆ ಬಂಗಾರದ ಬಳೆ ಕಳಚಿ ಕೊಡುವ ಹೆಂಗಸರು. ರದ್ದಿಗೆ ಹಿಂದು ಮುಂದು ಎಂಬುದಿಲ್ಲ. ಯುದ್ಧ ನಿಂತಿತೆಂದು ಊರೆಲ್ಲ ಹೇಳಿದ ಮೇಲೂ ನಮ್ಮ ಅಡುಗೆಮನೆಯಲ್ಲಿ ಸಿಪಾಯಿಗಳು ಇನ್ನೂ ಯುದ್ಧಕ್ಕೆ ಹೊರಡುತ್ತಿದ್ದರು.

ಅವ್ವ ಚಿತ್ರವಿದ್ದ ಕಾಗದವನ್ನೇ ಕೇಳಿ ಕಟ್ಟಿಸುತ್ತಿದ್ದಳು.

"ಏನ ಯಕ್ಕಾ, ನಿನಗ ಸಕ್ಕರಿ ಬೇಕೋ ಸಿಪಾಯಿ ಬೇಕೋ?" ಎಂದು ಅಂಗಡಿಯವನು ನಗುತ್ತಿದ್ದ.

"ಸಿಪಾಯಿ ಕೊಡಪಾ. ಸಕ್ಕರಿ ಉಡ್ಯಾಗ ಹಾಕು."

ಒಂದು ದಿನ ಬೆಲ್ಲ ಕಟ್ಟಿದ ಕಾಗದದಲ್ಲಿ ಹಿಮದ ಮೇಲೆ ಸಾಲಾಗಿ ನಿಂತವರು ಬಂದರು. ತುದಿಯವನ ಕಿವಿ ಅಣ್ಣನದರಂತೆಯೇ ಚಾಚಿಕೊಂಡಿತ್ತು.

"ನೋಡ, ನನ್ನ ಮಗಾ!" ಅವ್ವ ಕಾಗದವನ್ನು ಎದೆಗೊತ್ತಿಕೊಂಡಳು.

ಕೆಳಗೆ ಒಂದು ಸಾಲು ಇಂಗ್ಲಿಷ್ ಇತ್ತು. "ಕೊಡ ಇಲ್ಲೆ, ಮಾಸ್ತರ ಕಡೆ ಓದಿಸ್ಕೊಂಡ ಬರ್ತೇನಿ" ಎಂದರು ಅಪ್ಪ.

"ಬ್ಯಾಡ್ರಿ."

"ಯಾಕ?"

"ಉಳದವರು ಅಂತ ಬರದಾರೋ, ಹ್ವಾದವರು ಅಂತ ಬರದಾರೋ. ಹಿಂಗ ನಿಂತಿರ್ಲಿ ಬಿಡ್ರಿ."

ಅಪ್ಪ ಮತ್ತೆ ಕೇಳಲಿಲ್ಲ, ಅವರಿಗೂ ಧೈರ್ಯವಿರಲಿಲ್ಲ. ಅವ್ವ ದಿನವೂ ಕಾಗದ ತೆಗೆದು ನೋಡುವಳು, ಬಂದವರಿಗೆ ತೋರಿಸುವಳು. ಆದರೆ ಹೆಬ್ಬೆರಳು ಮಾತ್ರ ಆ ಸಾಲಿನ ಮೇಲೆ ಒತ್ತಿಯೇ ಇರುತ್ತಿತ್ತು. ಕನ್ನಡವನ್ನೇ ಅಕ್ಷರ ಕೂಡಿಸಿ ಓದುವ ನಾನು ಏನು ಮಾಡಲಿ?

ಬೇಸಿಗೆಯಲ್ಲಿ ಅಣ್ಣ ಬಂದ! ಹಾನಗಲ್ಲಿನವರೆಗೆ ಬಸ್ಸು, ಮುಂದೆ ಯಾರದೋ ಚಕ್ಕಡಿ. ಆಸ್ಪತ್ರೆಯಲ್ಲಿದ್ದನಂತೆ; ಬರೆಸಿದ ಪತ್ರ ನಮಗೆ ಮುಟ್ಟಿರಲಿಲ್ಲ. ಕುಂಟುತ್ತಿದ್ದ, ಆದರೂ ಬಂದಿದ್ದ. ಅಳುವೋ ನಗುವೋ, ಮನೆಯಲ್ಲಿ ಯಾರಿಗೂ ತಿಳಿಯಲೊಲ್ಲದು. ಅವ್ವ ಓಡಿಹೋಗಿ ಕಾಗದ ತಂದು ಅವನ ಕೈಗಿಟ್ಟಳು.

ಅಣ್ಣ ಬಹಳ ಹೊತ್ತು ನೋಡಿದ. "ಇಂವ ನಾ ಅಲ್ಲಬೇ."

"ಮತ್ಯಾರ?"

"ನನಗೂ ಗುರ್ತಿಲ್ಲ."

ಅವ್ವನ ನಗು ಅಲ್ಲಿಗೇ ನಿಂತಿತು. "ಹಂಗಾದ್ರ ಕೆಳಗ ಏನ್ ಬರದಾರ ಓದು. ಇಂವ ತನ್ನ ಅವ್ವಗ ಸಿಕ್ಕಾನೋ ಇಲ್ಲೋ, ಓದಪಾ."

ಸೈನ್ಯದಲ್ಲಿ ಅಣ್ಣ ಒಂದಿಷ್ಟು ಇಂಗ್ಲಿಷ್ ಕಲಿತಿದ್ದ. ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದ, ಓರೆ ಮಾಡಿದ. ಸಾಲು ಇದ್ದ ಜಾಗ ಅವ್ವನ ಹೆಬ್ಬೆರಳಿಗೆ ಸವೆದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಂದಕ್ಷರವೂ ಉಳಿದಿರಲಿಲ್ಲ.

"ಇದನ್ನ ಓದ್ಲೇನ ಆಯಿ?" ಎಂದಳು ಮೊಮ್ಮಗಳು, ಮೊನ್ನೆ, ಆ ಪುಟದ ಮೇಲೆ ಬೆರಳಿಟ್ಟು.

"ಓದವಾ."

ಅವಳು ಗಡಗಡ ಓದುತ್ತಿದ್ದಳು. ನಾನು ಸಿಪಾಯಿಗಳ ಸಾಲಿನ ತುದಿಯಲ್ಲಿ ಆ ಚಾಚಿದ ಕಿವಿಯನ್ನು ಹುಡುಕುತ್ತಿದ್ದೆ.